ಕಾಂಪೋಸ್ಟ್ ಮಡಕೆ: ಮಡಿಕೇರಿಯಲ್ಲಿ ನಾಲ್ಕು ಮಳೆಗಾಲ ಕಳೆದ ಮೇಲೆ

ಅಡುಗೆಮನೆಯ ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಲು 2021ರ ಫೆಬ್ರವರಿಯಲ್ಲಿ ತರಿಸಿದ ಮಡಕೆ ಇದು. ಸುಟ್ಟ ಮಣ್ಣಿನದು, ಮೂರು ಅಂತಸ್ತು, ಪಾರ್ಸೆಲ್ ಖರ್ಚು ಸೇರಿ ಆಗ 2,600 ರೂಪಾಯಿ ಆಗಿತ್ತು. ತಗೊಳ್ಳುವ ಮೊದಲು ಸಿಕ್ಕಿದ ವಿಮರ್ಶೆಗಳನ್ನೆಲ್ಲ ಓದಿದ್ದೆ. ಬಹಳ ಜನ ಒಂದು ವಾರ, ಒಂದು ತಿಂಗಳು ಬಳಸಿ ಬರೆದಿದ್ದರು. ಒಬ್ಬರೂ ಮಳೆಗಾಲದ ಬಗ್ಗೆ ಬರೆದಿರಲಿಲ್ಲ. ಕೊಡಗಿನವರಿಗೆ ಮೊದಲು ಗೊತ್ತಾಗಬೇಕಾದ್ದು ಅದೇ ಅಲ್ವಾ? ಅದಕ್ಕೇ ನಾಲ್ಕು ಮಳೆಗಾಲ ಪೂರ್ತಿ ಕಳೆಯಲಿ ಅಂತ ಕಾದು ಈಗ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಮಡಕೆ ಚೆನ್ನಾಗಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ನಮ್ಮೂರಿನಲ್ಲಿ ಇದು ಕೆಲಸ ಮಾಡುವುದು ಮಡಕೆಯಿಂದ ಅಲ್ಲ, ಬೇಸಿಗೆಯಲ್ಲಿ ನೀವು ಕೂಡಿಟ್ಟ ತರಗೆಲೆಯಿಂದ. ಈ ಒಂದು ಮಾತು ಜೊತೆಗೆ ಬಂದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ನಮ್ಮ ಯಜಮಾನರು, ಅತ್ತೆ, ಮಗಳು. ಪೇಟೆಯೊಳಗೇ ಇಳಿಜಾರಿನಲ್ಲಿ ಮನೆ, ಹಿತ್ತಲು ಅಂದರೆ ಬಟ್ಟೆ ಒಗೆಯುವ ಕಲ್ಲು, ನಾಲ್ಕು ಕಾಫಿ ಗಿಡ, ಒಂದು ಕಿತ್ತಳೆ, ಅಷ್ಟೇ. ಶುರುವಿನಲ್ಲಿ ಒಂದು ವಾರ ಅಡುಗೆಮನೆಯ ಹಸಿ ಕಸವನ್ನು ದಿನಾ ತೂಕ ಮಾಡಿ ಬರೆದಿಟ್ಟಿದ್ದೆ. ದಿನಕ್ಕೆ 750 ಗ್ರಾಂ ಆಸುಪಾಸು ಬರುತ್ತಿತ್ತು. ವರ್ಷದ ಲೆಕ್ಕ ಹಾಕಿದರೆ 270 ಕಿಲೋ! ಅಷ್ಟನ್ನೂ ಅಲ್ಲಿವರೆಗೆ ಕವರಿಗೆ ತುಂಬಿ ಗಂಟು ಕಟ್ಟಿ ಗಾಡಿಗೆ ಹಾಕುತ್ತಿದ್ದೆವು.

ಬಳಸುವ ಕ್ರಮ ಸುಲಭ. ಮೇಲಿನ ಎರಡು ಮಡಕೆಗಳ ತಳದಲ್ಲಿ ಬಲೆ ಇದೆ, ಪಕ್ಕದಲ್ಲಿ ಗಾಳಿಗೆ ತೂತುಗಳಿವೆ. ಮೇಲಿನದಕ್ಕೆ ದಿನಾ ಹಸಿ ಕಸ ಹಾಕಿ, ಮೇಲೆ ಒಣ ಪುಡಿ ಮುಚ್ಚಬೇಕು. ತುಂಬಿದ ಮೇಲೆ ಅದನ್ನು ಮಧ್ಯಕ್ಕೆ ಇಳಿಸಿ, ಖಾಲಿಯದನ್ನು ಮೇಲಕ್ಕೆ ಇಡಬೇಕು. ನಮಗೆ ಒಂದು ಮಡಕೆ ತುಂಬಲು ತಿಂಗಳು ಬೇಕು. ಮಾಗಿದ್ದು ಕೊನೆಗೆ ಕೆಳಗಿನ ಮಡಕೆಗೆ ಹೋಗುತ್ತದೆ.

ಫೆಬ್ರವರಿಯಿಂದ ಮೇ ತನಕ ಏನೂ ತೊಂದರೆ ಇಲ್ಲ. ಮುಚ್ಚಳ ತೆಗೆದರೆ ಮಳೆ ಬಿದ್ದ ಮಣ್ಣಿನ ವಾಸನೆ. ಅಷ್ಟರಲ್ಲಿ ಜೂನ್ ಬಂತು.

ಸೂರಿನ ಕೆಳಗೇ ಇಟ್ಟಿದ್ದೆ, ಮಳೆ ನೇರ ಬೀಳುತ್ತಿರಲಿಲ್ಲ. ಆದರೆ ಮಡಿಕೇರಿಯ ಮಳೆ ಮೇಲಿಂದ ಮಾತ್ರ ಬರುವುದಿಲ್ಲವಲ್ಲ, ಗಾಳಿಗೆ ಅಡ್ಡ ಬರುತ್ತದೆ. ಎರಚಲು ಆ ಗಾಳಿಯ ತೂತುಗಳಿಂದಲೇ ಒಳಗೆ ನುಗ್ಗಿತು. ಮಣ್ಣಿನ ಮಡಕೆ ಬೇರೆ, ತಾನೂ ನೀರು ಕುಡಿದು ಹೊರಗೆಲ್ಲ ಪಾಚಿ ಹಿಡಿಯಿತು. ಜುಲೈ ಮೊದಲ ವಾರ ಮುಚ್ಚಳ ತೆಗೆದೆ. ಒಳಗೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಕೆಳಗಿನ ಮಡಕೆಯಲ್ಲಿ ನಾಲ್ಕು ಬೆರಳು ಕಪ್ಪು ನೀರು ನಿಂತಿತ್ತು. ಕಂಪನಿಗೆ ಫೋನ್ ಮಾಡಿದರೆ "ಪುಡಿ ಜಾಸ್ತಿ ಹಾಕಿ ಮೇಡಂ" ಅಂದರು. ಪುಡಿ ಅಂದರೆ ಅವರೇ ಮಾರುವ ತೆಂಗಿನ ನಾರಿನ ಪುಡಿ. ತರಿಸಿದೆ. ಕೊರಿಯರ್‌ನವರು ಗೇಟಿನ ಹತ್ತಿರ ಮಳೆಯಲ್ಲೇ ಇಟ್ಟು ಹೋಗಿದ್ದರು, ಅದೂ ಒದ್ದೆ. ಎರಡು ತಿಂಗಳು ಮತ್ತೆ ಹಸಿ ಕಸ ಗಾಡಿಗೇ ಹೋಯಿತು. ತುಂಬಾ ಬೇಜಾರಾಗಿತ್ತು ನನಗೆ.

ದಾರಿ ತೋರಿಸಿದ್ದು ಪಕ್ಕದ ಮನೆಯ ಅಕ್ಕ. ಅವರ ತವರು ಸುಂಟಿಕೊಪ್ಪದ ಕಡೆ, ದನ ಕಟ್ಟಿದ ಮನೆ. ಮಡಕೆಯೊಳಗೆ ಒಮ್ಮೆ ಇಣುಕಿ ನೋಡಿ, "ಬೇಸಿಗೆಯಲ್ಲಿ ತರಗೆಲೆ ಕೂಡಿಡದೆ ಮಳೆಗಾಲದಲ್ಲಿ ಗೊಬ್ಬರ ಎಲ್ಲಿಂದ ಆಗುತ್ತೆ ಮಗಳೇ? ನಮ್ಮಮ್ಮ ಕೊಟ್ಟಿಗೆಗೆ ಹಾಸಲು ಶಿವರಾತ್ರಿ ಹೊತ್ತಿಗೇ ಗುಡಿಸಿ ತುಂಬಿಸುತ್ತಿದ್ದರು" ಅಂದರು. ಹೊಸ ವಿದ್ಯೆ ಏನಲ್ಲ ನೋಡಿ. ದನ ಸಾಕಿದ ಪ್ರತಿ ಮನೆಗೂ ಗೊತ್ತಿದ್ದ ವಿಷಯ, ನಮ್ಮ ಪೇಟೆ ಮನೆಗಳಲ್ಲಿ ಮರೆತುಹೋಗಿದೆ ಅಷ್ಟೇ.

ಮುಂದಿನ ಫೆಬ್ರವರಿಯಲ್ಲಿ ನಾವೆಲ್ಲ ಸೇರಿ ಪರಿಚಯದವರ ತೋಟಕ್ಕೆ ಹೋಗಿ ಆರು ಗೋಣಿಚೀಲ ತುಂಬಿಸಿಕೊಂಡು ಬಂದೆವು. ಇಡುವುದು ಎಲ್ಲಿ ಅನ್ನುವುದೇ ದೊಡ್ಡ ಪ್ರಶ್ನೆ. ಜೂನ್, ಜುಲೈನಲ್ಲಿ ಇಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಬರುತ್ತದೆ, ಎಲೆ ಒಣಗಿ ಉಳಿಯುತ್ತದೆಯೇ? ಅತ್ತೆ ಜಾಗ ತೋರಿಸಿದರು. ಬಚ್ಚಲು ಮನೆಯ ಹಂಡೆ ಒಲೆಯ ಮೇಲಿನ ಅಟ್ಟ. ದಿನಾ ನೀರು ಕಾಯಿಸುವುದರಿಂದ ಆ ಜಾಗ ಆಗಸ್ಟ್‌ನಲ್ಲೂ ಬೆಚ್ಚಗಿರುತ್ತದೆ. ಕಿಡಿ ಹಾರಿ ತಾಗದಷ್ಟು ಎತ್ತರದಲ್ಲಿ, ಒಲೆಯ ನೆತ್ತಿಯಿಂದ ಸ್ವಲ್ಪ ಪಕ್ಕಕ್ಕೆ ಇಟ್ಟಿದ್ದೇವೆ, ಅದನ್ನು ಮಾತ್ರ ಮರೆಯಬೇಡಿ. ಜುಲೈನಲ್ಲಿ ಆ ಚೀಲ ಬಿಚ್ಚಿ ಒಂದು ಹಿಡಿ ಎಲೆ ತೆಗೆದು ಮುರಿದರೆ ಹಪ್ಪಳದ ಹಾಗೆ ಸದ್ದು ಬರುತ್ತದೆ. ಆ ಸದ್ದು ಬಂದರೆ ಸಾಕು, ಗೊಬ್ಬರ ಆಗುತ್ತದೆ.

ಎಲ್ಲ ಎಲೆಯೂ ಒಂದೇ ಅಲ್ಲ. ತೋಟದಲ್ಲಿ ಸುಲಭವಾಗಿ ಸಿಗುವುದು ಸಿಲ್ವರ್ ಓಕ್ ಎಲೆ, ಆದರೆ ಅದು ಬೇಗ ಕರಗುವುದಿಲ್ಲ, ಆರು ತಿಂಗಳಾದರೂ ಎಳೆ ಎಳೆಯಾಗಿ ಹಾಗೇ ಇರುತ್ತದೆ. ಹಾಲುವಾಣದ ಎಲೆ ಬೇಗ ಪುಡಿಯಾಗುತ್ತದೆ. ಹಲಸಿನ ಎಲೆ ದಪ್ಪ, ಕೈಯಲ್ಲಿ ಹಿಚುಕಿ ಹಾಕಬೇಕು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಕಾಫಿ ಹೊಟ್ಟು. ಹಗುರ, ನೀರು ಹೀರುತ್ತದೆ, ಮಧ್ಯೆ ಗಾಳಿಗೂ ಜಾಗ ಬಿಡುತ್ತದೆ. ಕಾಫಿ ಮಿಲ್‌ನಲ್ಲಿ ಕೇಳಿದರೆ ಒಂದೆರಡು ಚೀಲ ಕೊಡುತ್ತಾರೆ. ಈಗ ನಾನು ಎಲೆ ಎರಡು ಪಾಲು, ಹೊಟ್ಟು ಒಂದು ಪಾಲು ಬೆರೆಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ. ಒಂದು ಪಾತ್ರೆ ಹಸಿ ಕಸಕ್ಕೆ ಬೇಸಿಗೆಯಲ್ಲಿ ಒಂದು ಪಾತ್ರೆ ಮಿಶ್ರಣ, ಮಳೆಗಾಲದಲ್ಲಿ ಎರಡು. ಸರಿಯಾಗಿದೆಯೋ ಇಲ್ಲವೋ ನೋಡಲು ಒಳಗಿನದನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಕೈ ತೇವ ಆಗಬೇಕು, ನೀರು ತೊಟ್ಟಿಕ್ಕಬಾರದು.

ಡಿಕಾಕ್ಷನ್ ತೆಗೆದು ಉಳಿದ ಕಾಫಿಪುಡಿ ನೋಡಲು ಮಣ್ಣಿನ ಬಣ್ಣ ಅಂತ ಅದನ್ನು ಒಣ ಕಸ ಅಂದುಕೊಂಡಿದ್ದೆ. ಅಲ್ಲ. ಅದರಲ್ಲಿ ಸಾರಜನಕ ಜಾಸ್ತಿ, ಹಸಿ ಕಸದ ಲೆಕ್ಕಕ್ಕೇ ಬರುತ್ತದೆ. ಕಸವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಕಸದಲ್ಲಿ ಅಷ್ಟು ಇಂಗಾಲ ಇರುವುದಿಲ್ಲ, ಒಣ ಎಲೆಯಲ್ಲಿ ಇದೆ. ಗಾಳಿ ಸಿಗದೆ ನೀರು ನಿಂತರೆ ಬೇರೆ ಜಾತಿಯ ಜೀವಿಗಳು ಸೇರಿಕೊಂಡು ನಾತ ಎಬ್ಬಿಸುತ್ತವೆ. ನಾತ ಹೋಗಲಿ ಅಂತ ಒಮ್ಮೆ ಒಲೆಯ ಬೂದಿ ಸುರಿದಿದ್ದೆ, ಅಮೋನಿಯಾ ಘಾಟು ಇನ್ನೂ ಜಾಸ್ತಿ ಆಯಿತು. ಬೂದಿ ಚಿಟಿಕೆ ಸಾಕು.

ಗಾಳಿಯಿಲ್ಲದೆ ಕೊಳೆಯುವುದು ನಮ್ಮ ಮಡಕೆಯಲ್ಲಿ ಎರಡು ತಿಂಗಳ ಕಷ್ಟ, ಕಸದ ರಾಶಿಯಲ್ಲಿ ವರ್ಷಗಟ್ಟಲೆ ನಡೆಯುವ ಕೆಲಸ. ಅಲ್ಲಿ ಅದರಿಂದ ಮೀಥೇನ್ ಹುಟ್ಟುತ್ತದೆ. 100 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿದಿಡುವ ಅನಿಲ ಅದು. ನಮ್ಮಲ್ಲಿ ಇನ್ನೊಂದು ವಿಷಯವೂ ಇದೆ. ಗುಡ್ಡದ ಊರು, ಕಸ ಎಲ್ಲಿ ಸುರಿದರೂ ಅದು ಇಳಿಜಾರೇ. ಮಳೆ ನೀರು ಅದನ್ನು ತೊಳೆದುಕೊಂಡು ತೋಡಿಗೆ, ತೋಡಿನಿಂದ ಹೊಳೆಗೆ ಹೋಗುತ್ತದೆ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಕುಳಿತು ಹೊಳೆಗೆ ಏನು ಬಿಡುತ್ತಿದ್ದೇವೆ ಅಂತ ನೋಡದೆ ಇರುವುದು ನನಗೆ ಆಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದದ್ದನ್ನು ಕಂಡ ಮೇಲೆ ನೀರು ಹೋಗುವ ದಾರಿಯ ಬಗ್ಗೆ ನಮ್ಮನೆಯಲ್ಲಿ ಎಲ್ಲರೂ ಯೋಚಿಸುತ್ತೇವೆ.

ಇದೇ ಮಡಕೆಯನ್ನು ನನ್ನ ನಾದಿನಿ ಕುಶಾಲನಗರದಲ್ಲಿ ತಗೊಂಡಿದ್ದಾಳೆ. ಇಲ್ಲಿಂದ ಹೆಚ್ಚುಕಮ್ಮಿ 30 ಕಿಲೋಮೀಟರ್, ಆದರೆ ಮಳೆ ನಮ್ಮಲ್ಲಿಗಿಂತ ತುಂಬಾ ಕಮ್ಮಿ. ಅವಳ ತೊಂದರೆ ತಲೆಕೆಳಗು. ಏಪ್ರಿಲ್‌ನಲ್ಲಿ ಎಲ್ಲ ಒಣಗಿ ಕೂತುಬಿಡುತ್ತದೆ, ಇರುವೆ ಗೂಡು ಕಟ್ಟುತ್ತವೆ, ನೀರು ಚಿಮುಕಿಸಬೇಕು. ಅವಳಿಗೆ ಕಂಪನಿಯ ಪುಸ್ತಕ ಸಾಕಾಯಿತು, ಮಳೆಗಾಲದಲ್ಲೂ ಅಂಥ ತಾಪತ್ರಯ ಆಗಲಿಲ್ಲ. ಹಾಗಾಗಿ ಕೊಡಗು ಅಂದ ಕೂಡಲೇ ನನ್ನ ಲೆಕ್ಕವೇ ಹಿಡಿಯಬೇಡಿ, ನಿಮ್ಮ ಊರಿನ ಮಳೆ ನೋಡಿ. ಭಾಗಮಂಡಲದ ಕಡೆಯವರಾದರೆ ನನಗಿಂತಲೂ ಜಾಸ್ತಿ ಎಲೆ ಕೂಡಿಡಿ.

ಹುಳದ ವಿಷಯ. ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಮುಚ್ಚಳ ತೆಗೆದರೆ ಬೂದು ಬಣ್ಣದ, ಚಪ್ಪಟೆಯ, ಕಿರುಬೆರಳಿನ ಅರ್ಧದಷ್ಟಿರುವ ಹುಳಗಳು, ನೂರಾರು, ಮಳೆ ಬಿದ್ದ ಹಾಗೆ ಸರಸರ ಸದ್ದು. ಅತ್ತೆ ಬಿಸಿ ನೀರು ಸುರಿಯಲು ಹೊರಟಿದ್ದರು, ನಾನೇ ತಡೆದೆ. ಇವು ಕಪ್ಪು ಸೈನಿಕ ನೊಣದ ಮರಿಗಳು. ಬೆಳೆದ ನೊಣ ಕಚ್ಚುವುದಿಲ್ಲ, ಮನೆಯೊಳಗೆ ಬಂದು ಅನ್ನದ ಮೇಲೆ ಕೂರುವುದಿಲ್ಲ. ಮರಿಗಳು ನಾವು ಹಾಕಿದ್ದನ್ನು ಒಂದೆರಡು ದಿನದಲ್ಲಿ ತಿಂದು ಮುಗಿಸುತ್ತವೆ. ಆ ತಿಂಗಳು ಮಡಕೆ ತುಂಬಲೇ ಇಲ್ಲ. ಹೊರಗೆ ಹರಿದು ಬಂದವನ್ನು ಹೆಕ್ಕಲು ಬೆಳಿಗ್ಗೆ ಮಡಿವಾಳ ಹಕ್ಕಿ ಬರುತ್ತದೆ. ಮಗಳು ಅದಕ್ಕಾಗಿಯೇ ಕಿಟಕಿ ಹತ್ತಿರ ನಿಂತು ಹಾಲು ಕುಡಿಯುತ್ತಾಳೆ.

ಇನ್ನು ದೂರು. ಮಧ್ಯದ ಮಡಕೆ 2023ರ ಜನವರಿಯಲ್ಲಿ ಸೀಳು ಬಿಟ್ಟಿತು. ತುಂಬಿದ ಮಡಕೆ ಎತ್ತಿ ಬದಲಾಯಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ, ಇದನ್ನು ಮಾರುವವರು ಹೇಳಬೇಕಿತ್ತು. ಬಿಡಿ ಮಡಕೆ ಕೊಡುವುದಿಲ್ಲ, ಸೆಟ್ಟೇ ತಗೊಳ್ಳಿ ಅಂದರು. ತಗೊಳ್ಳಲಿಲ್ಲ. ಬಣ್ಣ ಬಳಿಯುವವರ ಹತ್ತಿರ 20 ಲೀಟರಿನ ಖಾಲಿ ಪೇಂಟ್ ಬಕೆಟ್ ತಂದು, ಚೆನ್ನಾಗಿ ತೊಳೆದು, ಯಜಮಾನರು ಡ್ರಿಲ್ಲಿಂಗ್‌ನಲ್ಲಿ ತಳಕ್ಕೂ ಪಕ್ಕಕ್ಕೂ ತೂತು ಹಾಕಿಕೊಟ್ಟರು. ಎರಡು ವರ್ಷದಿಂದ ಅದು ಮಡಕೆಯಷ್ಟೇ ಚೆನ್ನಾಗಿ ನಡೆಯುತ್ತಿದೆ, ಮಳೆಗಾಲದಲ್ಲಂತೂ ಮಡಕೆಗಿಂತ ವಾಸಿ, ನೀರು ಕುಡಿಯುವುದಿಲ್ಲ. ದುಡ್ಡಿಗೆ ಕಷ್ಟ ಇದ್ದರೆ ಮಡಕೆ ತಗೊಳ್ಳಲೇಬೇಡಿ, ಮೂರು ಬಕೆಟ್ ಸಾಕು. ಪರಿಸರಕ್ಕೆ ಅಂತ ಮಾರುವ ಪುಡಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸುವುದೂ ನನಗೆ ಸರಿ ಕಾಣಲಿಲ್ಲ, ಅವರಿಗೇ ಬರೆದು ಹೇಳಿದ್ದೇನೆ.

ಎಲ್ಲವೂ ಇದರಲ್ಲಿ ಹಿಡಿಸುವುದಿಲ್ಲ. ಹಲಸಿನ ಕಾಲದಲ್ಲಿ ಒಂದು ಹಣ್ಣು ಬಿಡಿಸಿದರೆ ಅದರ ಸಿಪ್ಪೆಗೇ ಮಡಕೆ ತುಂಬುತ್ತದೆ, ಅದನ್ನು ಕೆಳಗಿನ ಮನೆಯ ದನಕ್ಕೆ ಕೊಡುತ್ತೇವೆ. ಭಾನುವಾರದ ಹಂದಿ ಸಾರಿನ ಮೂಳೆ, ಮೀನಿನ ತಲೆ ಹಾಕಿದರೆ ಹೆಗ್ಗಣ ಬರುವುದು ಗ್ಯಾರಂಟಿ. ಅದಕ್ಕೆ ಕಾಫಿ ಗಿಡದ ಬದಿಯಲ್ಲಿ ಎರಡು ಅಡಿ ಗುಂಡಿ ಬೇರೆ ಇದೆ. ಮುಚ್ಚಳದ ಮೇಲೆ ಯಾವಾಗಲೂ ಒಂದು ಕಲ್ಲು ಇರಲಿ.

ಗೊಬ್ಬರ ವರ್ಷಕ್ಕೆ 60 ಕಿಲೋ ಆಸುಪಾಸು ಸಿಗುತ್ತದೆ, ಜರಡಿ ಹಿಡಿದ ಮೇಲೆ. ಕಿತ್ತಳೆ ಗಿಡಕ್ಕೂ ಕಾಫಿಗೂ ಅದೇ, ಉಳಿದದ್ದು ಅಕ್ಕನ ಮನೆಯ ಹೂವಿನ ಕುಂಡಗಳಿಗೆ. ಆದರೆ ನಿಜವಾದ ಬದಲಾವಣೆ ಆದದ್ದು ಅಡುಗೆಮನೆಯಲ್ಲಿ. ಹಸಿ ಕಸ ಬೇರೆಯಾದ ಮೇಲೆ ಉಳಿದ ಕಸ ಒಣಗಿ ಚೊಕ್ಕವಾಗಿ ಇರುತ್ತದೆ, ವಾರಕ್ಕೆ ಒಂದೇ ಸಲ ಕೊಟ್ಟರೆ ಸಾಕು. ಹಾಲಿನ ಕವರು ತೊಳೆದು ಹಗ್ಗಕ್ಕೆ ಸಿಕ್ಕಿಸುತ್ತೇವೆ. ಪ್ಲಾಸ್ಟಿಕ್ ಎಷ್ಟು ಬರುತ್ತಿದೆ ಅಂತ ಕಣ್ಣಿಗೆ ಕಾಣಲು ಶುರುವಾಯಿತು. ಶುಕ್ರವಾರದ ಸಂತೆಗೆ ಬಟ್ಟೆ ಚೀಲ, ಮೀನಿಗೆ ಸ್ಟೀಲ್ ಡಬ್ಬಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ ಆಗಿದ್ದು 2016ರಲ್ಲಿ, ಒಮ್ಮೆ ಬಳಸಿ ಎಸೆಯುವ ಎಷ್ಟೋ ವಸ್ತುಗಳಿಗೆ ದೇಶದಲ್ಲೇ ನಿಷೇಧ ಬಂದಿದ್ದು 2022ರ ಜುಲೈ 1ಕ್ಕೆ. ಆದರೂ ಅಂಗಡಿಯಲ್ಲಿ ತೆಳು ಕವರು ಚಾಚುತ್ತಾರೆ. ಡಬ್ಬಿ ಮುಂದೆ ಹಿಡಿದರೆ ಯಾರೂ ಬೇಡ ಅನ್ನುವುದಿಲ್ಲ, ಈಗ ಮೀನಿನವನೇ "ಡಬ್ಬಿ ಕೊಡಿ ಅಕ್ಕಾ" ಅಂತ ಕೇಳುತ್ತಾನೆ.

ಮೊದಲ ವರ್ಷದ ಆ ಎರಡು ತಿಂಗಳು ಬಿಟ್ಟರೆ, ನಾಲ್ಕು ವರ್ಷದಲ್ಲಿ ಟನ್ನಿನ ಹತ್ತಿರ ಹಸಿ ಕಸ ನಮ್ಮ ಹಿತ್ತಲು ದಾಟಿಲ್ಲ. 2024ರ ಜುಲೈನಲ್ಲಿ ದಿನಗಟ್ಟಲೆ ಮಳೆ ಬಿಡದೆ ಹೊಡೆದಾಗ ಎಲೆ ಸಾಲದೆ ಹೋಯಿತು, ಕೊನೆಗೆ ಹಳೆ ಪೇಪರ್ ಹರಿದು ಹಾಕಿ ನಿಭಾಯಿಸಿದೆ. ಈ ಫೆಬ್ರವರಿಯಲ್ಲಿ ಒಂಬತ್ತು ಚೀಲ ತುಂಬಿಸಿದ್ದೇವೆ. ಏಳು ಹಂಡೆ ಒಲೆಯ ಮೇಲೆ, ಎರಡು ಅಕ್ಕನ ಮನೆಯ ಅಟ್ಟದಲ್ಲಿ. ಅವರೂ ಈ ವರ್ಷ ಮೂರು ಬಕೆಟ್ ಇಟ್ಟಿದ್ದಾರೆ.