ಟಿಸಿಗಿಂತ ಮೇಲಿನ ಜೋಡಿಗಳನ್ನು ಹಿಡಿಯಲು ರೆಸಿಸ್ಟೆನ್ಸ್, ನೆರ್ನ್‌ಸ್ಟ್, ಟಾರ್ಕ್: ಯಾವುದು ವಾಸಿ?

ಕ್ಯುಪ್ರೇಟ್ ಎಂದರೆ ತಾಮ್ರ-ಆಕ್ಸಿಜನ್ ಪದರಗಳಿರುವ ಸೂಪರ್‌ಕಂಡಕ್ಟರ್. ಅದರ ಹರಳಿನ ರೆಸಿಸ್ಟೆನ್ಸ್ ಸೊನ್ನೆಯಾಗುವ ತಾಪಮಾನವೇ ಟಿಸಿ. ಅದಕ್ಕೆ ಕಾರಣವಾದ ಎಲೆಕ್ಟ್ರಾನ್ ಜೋಡಿಗಳು ಮಾತ್ರ ಅದಕ್ಕೂ ಮೇಲೆಯೇ ಹುಟ್ಟಿ ಹುಟ್ಟಿ ಅಳಿಯುತ್ತಿರುತ್ತವೆ. ಎಷ್ಟು ಮೇಲಿನಿಂದ? ಮೂರೂ ವಿಧಾನದಲ್ಲಿ ಅಳೆದು ನೋಡಿದ್ದೇನೆ. ಮೂರೂ ಒಂದೇ ಉತ್ತರ ಕೊಡುವುದಿಲ್ಲ.

ಸುಲಭದ್ದು ರೆಸಿಸ್ಟೆನ್ಸ್. ನಾಲ್ಕು ತಂತಿ, ತಣ್ಣಗಿಡಲು ಒಂದು ಕ್ರಯೋಸ್ಟಾಟ್ ಇದ್ದರೆ ಆಯ್ತು. ಒಳ್ಳೆಯ ವೈಬಿಸಿಒ (ಇಟ್ರಿಯಂ-ಬೇರಿಯಂ ಕ್ಯುಪ್ರೇಟ್) ಹರಳಿನ ಟಿಸಿ ಸುಮಾರು 93 ಕೆಲ್ವಿನ್. ತಣ್ಣಗಾಗುತ್ತಾ ಅದರ ಹತ್ತಿರ ಬರುವ ಮೊದಲೇ ಗ್ರಾಫಿನ ನೇರ ಗೆರೆ ಕೆಳಕ್ಕೆ ಬಾಗುತ್ತದೆ. ಟಿಸಿಯ ಪಕ್ಕದಲ್ಲಿ, ಜೋಡಿಗಳಿಂದ ಹೆಚ್ಚುವ ವಾಹಕತೆಯನ್ನು ಲೆಕ್ಕಹಾಕುವ 1968ರ ಅಸ್ಲಮಾಜೊವ್-ಲಾರ್ಕಿನ್ ಸೂತ್ರ ಚೆನ್ನಾಗಿ ಕೂರುತ್ತದೆ. ದೂರ ಹೋದಂತೆ ಕಷ್ಟ. ಜೋಡಿಗಳೇ ಇಲ್ಲದಿದ್ದರೆ ಗೆರೆ ಎಲ್ಲಿರುತ್ತಿತ್ತು ಅಂತ ಊಹಿಸಿ ಕಳೆಯಬೇಕಲ್ವಾ? ಊಹೆ ಬದಲಾದರೆ ಉತ್ತರವೂ ಬದಲು. ಭಾರೀ ಪಲ್ಸ್ ಕಾಂತಕ್ಷೇತ್ರದಲ್ಲಿ ಜೋಡಿಗಳನ್ನು ಒಡೆದು ಅಳೆಯಬಹುದು, ಆದರೆ ಆ ಸೌಕರ್ಯ ಎಲ್ಲರಿಗೂ ಸಿಗುವುದಿಲ್ಲ.

ನೆರ್ನ್‌ಸ್ಟ್ ಬಲು ಸೂಕ್ಷ್ಮ, ಅಷ್ಟೇ ತಲೆನೋವು. ಹರಳಿನ ಒಂದು ತುದಿಗೆ ಪುಟ್ಟ ಹೀಟರ್, ಮೇಲಿಂದ ಕಾಂತಕ್ಷೇತ್ರ, ಅಳೆಯುವುದು ಅಡ್ಡ ವೋಲ್ಟೇಜ್. ಕಾಂಟ್ಯಾಕ್ಟ್‌ಗಳು ಕೂದಲೆಳೆಯಷ್ಟು ಆಚೀಚೆಯಾದರೂ ಬಿಸಿ-ತಣ್ಣನೆಯ ದಿಕ್ಕಿನಲ್ಲೇ ಹುಟ್ಟುವ ಸೀಬೆಕ್ ವೋಲ್ಟೇಜ್ ಬೆರೆತುಬಿಡುತ್ತದೆ. ಅದಕ್ಕೇ ಕ್ಷೇತ್ರ ತಿರುಗಿಸಿ ಮತ್ತೆ ಅಳೆದು, ವ್ಯತ್ಯಾಸದ ಅರ್ಧ ತೆಗೆದುಕೊಳ್ಳುತ್ತೇವೆ. ಈ ನಡುವೆ ತಾಪಮಾನ ಜರುಗಿದರೆ ರಾತ್ರಿಯ ಕೆಲಸವೆಲ್ಲ ನೀರಿನಲ್ಲಿ ಹೋಮ. 2000ದಲ್ಲಿ ಪ್ರಿನ್ಸ್‌ಟನ್‌ನ ಓಂಗ್ ತಂಡ ಲ್ಯಾಂಥನಮ್ ಕ್ಯುಪ್ರೇಟ್‌ನಲ್ಲಿ ಟಿಸಿಗಿಂತ ಬಹಳ ಮೇಲೂ ಸಿಗ್ನಲ್ ಕಂಡು, ಅದು ಜೋಡಿಗಳ ಕರೆಂಟಿನ ಸುಳಿಗಳದ್ದು ಎಂದಿತು. ಆದರೆ ಮಾಮೂಲಿ ಎಲೆಕ್ಟ್ರಾನ್‌ಗಳೂ ನೆರ್ನ್‌ಸ್ಟ್ ಕೊಡುತ್ತವೆ. ಚಾರ್ಜ್ ಪಟ್ಟೆ ಪಟ್ಟೆಯಾಗಿ ಜೋಡಣೆಯಾದಾಗ ಅದು ಜಾಸ್ತಿಯಾಗುತ್ತದೆ ಎಂದು 2009ರಲ್ಲಿ ಬೇರೊಂದು ತಂಡ ತೋರಿಸಿತು. ಬೇರ್ಪಡಿಸಲು ನಾನು ನಂಬುವ ಗುರುತು ಒಂದೇ: ಸಿಗ್ನಲನ್ನು ಕ್ಷೇತ್ರದಿಂದ ಭಾಗಿಸಿ ನೋಡಿ. ಕ್ಷೇತ್ರ ಏರಿದಂತೆ ಕುಗ್ಗುವ ಪಾಲು ಜೋಡಿಗಳದ್ದು. ಹಾಗೇ ಉಳಿಯುವ ಪಾಲು ಎಲೆಕ್ಟ್ರಾನ್‌ಗಳದ್ದು.

ಟಾರ್ಕ್‌ನಲ್ಲಿ (ತಿರುಚುವ ಬಲದ ಅಳತೆ) ಹರಳನ್ನು, ಒಂದು ತುದಿ ಮಾತ್ರ ಹಿಡಿದ ಪಟ್ಟಿಯಾದ ತೆಳು ಕ್ಯಾಂಟಿಲಿವರ್‌ಗೆ ಅಂಟಿಸಿ, ಕ್ಷೇತ್ರವನ್ನು ಸ್ವಲ್ಪ ಓರೆಯಾಗಿ ಕೊಡಬೇಕು. ಜೋಡಿಗಳ ಕರೆಂಟ್ ತಾಮ್ರ-ಆಕ್ಸಿಜನ್ ಪದರದೊಳಗೇ ಸುತ್ತುವುದರಿಂದ ಹರಳು ತಿರುಚಿಕೊಳ್ಳುತ್ತದೆ. ಇಲ್ಲೂ ಕಳೆಯುವ ಲೆಕ್ಕ ಇದೆ, ಜೋಡಿಗಳಿಗೆ ಸಂಬಂಧಿಸದ ಕಾಂತಗುಣವಾದ ವಾನ್ ವ್ಲೆಕ್ ಪ್ಯಾರಾಮ್ಯಾಗ್ನೆಟಿಸಂ. ಆದರೆ ಅದು ನಿಧಾನಕ್ಕೆ ಬದಲಾಗುವ ಸಾಧು ಪ್ರಾಣಿ.

ನನ್ನ ವೋಟು ಟಾರ್ಕ್‌ಗೆ. ನೆರ್ನ್‌ಸ್ಟ್ ಮಾತ್ರ ನೋಡಿ ಟಿಸಿಯ ಮೂರು ಪಟ್ಟು ತಾಪದಲ್ಲೂ ಜೋಡಿಗಳಿವೆ ಎಂದರೆ ನಾನು ಒಪ್ಪುವುದಿಲ್ಲ. ಅದೇ ಹರಳಿನ ಟಾರ್ಕ್ ಗ್ರಾಫ್ ಮೊದಲು ತೋರಿಸಲಿ.