ಕಾಫಿ ಗೋದಾಮಿನಲ್ಲಿ ಹಾಯಿದೋಣಿ: ಕಿಟ್‌ನದು ಎಷ್ಟು, ಕೊಡಗಿನದು ಎಷ್ಟು

ಪುತ್ತರಿ ಹಬ್ಬ ಕಳೆದು ಗಾಳಿ ಒಣಗುವ ಹೊತ್ತಿಗೆ ನಮ್ಮಲ್ಲಿ ಕಾಫಿ ಕೊಯ್ಲು ಶುರುವಾಗಿ ಗೋದಾಮು ಚೀಲಗಳಿಂದ ತುಂಬುತ್ತದೆ. ಚೀಲಗಳು ಮಾರಾಟವಾಗಿ ಜಾಗ ಖಾಲಿಯಾಗುವಾಗ ಮಳೆ ಹಿಡಿದಿರುತ್ತದೆ. ದೋಣಿ ಕಟ್ಟುವವನಿಗೆ ಒಣ ಹವೆಯೂ ಖಾಲಿ ಸೂರೂ ಒಟ್ಟಿಗೆ ಬೇಕು. ಕೊಡಗಿನಲ್ಲಿ ಅವೆರಡೂ ಕೂಡಿಬರುವ ದಿನಗಳು ಬೆರಳೆಣಿಕೆಯಷ್ಟು. ಸುಂಟಿಕೊಪ್ಪದ ಬಳಿಯ ನಮ್ಮ ತೋಟದಲ್ಲಿ ಎರಡು ವರ್ಷ ಹಿಡಿದು ಒಂದು ಹಾಯಿದೋಣಿ ಕಟ್ಟಿದೆ. ದೋಣಿ ಜೋಡಿಸಲು ಬೇಕಾದ ಸಾಮಗ್ರಿ ಕಟ್ಟಿ ಕಳುಹಿಸುವ ಕಿಟ್‌ನಲ್ಲಿ ಬಂದದ್ದನ್ನು ಎಲ್ಲಿ ಹಾಗೆಯೇ ಉಳಿಸಿಕೊಳ್ಳಬೇಕು, ಎಲ್ಲಿ ಊರಿನ ಸಾಮಗ್ರಿಗೆ ಕೈ ಹಾಕಬೇಕು ಎಂಬ ಪ್ರತಿ ತೀರ್ಮಾನದಲ್ಲೂ ಈ ಇಕ್ಕಟ್ಟು ಎದುರಾಯಿತು.

ಮೊದಲು ಕಿಟ್‌ನ ಆಯ್ಕೆ. ಅಮೆರಿಕದ ಜಾನ್ ಹ್ಯಾರಿಸ್ ವಿನ್ಯಾಸದ ಪಾಕೆಟ್‌ಶಿಪ್ ಮತ್ತು ನ್ಯೂಜಿಲೆಂಡಿನ ಜಾನ್ ವೆಲ್ಸ್‌ಫೋರ್ಡ್ ವಿನ್ಯಾಸದ ಸ್ಕ್ಯಾಂಪ್ ನಡುವೆ ಮನಸ್ಸು ಮೂರು ತಿಂಗಳು ತೂಗಾಡಿತು. ಪಾಕೆಟ್‌ಶಿಪ್ 14 ಅಡಿ 10 ಅಂಗುಲ ಉದ್ದ, ಒಳಗೆ ಮಲಗುವ ಕೋಣೆ. ಸ್ಕ್ಯಾಂಪ್ 11 ಅಡಿ 11 ಅಂಗುಲ ಉದ್ದ, 5 ಅಡಿ 4 ಅಂಗುಲ ಅಗಲ. ಮುಂದೆ ಒಂದು ಚಿಕ್ಕ ಮರೆ, ನೂರು ಚದರ ಅಡಿಯ ಒಂದೇ ಹಾಯಿ. ಎರಡರ ಆಕಾರವನ್ನೂ ಕಣದ ಮೇಲೆ ಹಗ್ಗದಲ್ಲಿ ಗುರುತು ಮಾಡಿ, ಚಾಪೆ ಹಾಸಿ ಮಲಗಿ ನೋಡಿದೆವು. ಹೆಂಡತಿ ಕೂಡಲೇ ಪಾಕೆಟ್‌ಶಿಪ್ ಕಡೆಗೆ ವಾಲಿದಳು. ಇಬ್ಬರು ಮಲಗುವುದಾದರೆ ಅವಳ ಮಾತು ಸರಿ. ಆದರೆ ಹಾರಂಗಿ ಹಿನ್ನೀರು ಹತ್ತಿರವೇ ಇದ್ದರೂ ನಾನು ಬಯಸಿದ್ದು ಎರಡು ದಿನ ಸಾಗಿ, ರಾತ್ರಿ ದೋಣಿಯಲ್ಲೇ ಕಳೆಯುವಂಥ ನೀರನ್ನು. ಅದು ಘಟ್ಟದ ಕೆಳಗೆ, ಕೇರಳದ ಕವ್ವಾಯಿ ಹಿನ್ನೀರಿನಲ್ಲಿದೆ. ಸಂಪಾಜೆ ಘಾಟಿಯ ತಿರುವುಗಳನ್ನು ಇಳಿಸಿ ಮತ್ತೆ ಹತ್ತಿಸಬೇಕಾದ ದೋಣಿಗೆ ಒಂದೊಂದು ಅಡಿಯೂ ಒಂದೊಂದು ಕಿಲೋವೂ ಲೆಕ್ಕಕ್ಕೆ ಬರುತ್ತದೆ. ಸ್ಕ್ಯಾಂಪ್‌ನ ಸ್ಥಿರತೆಗೆ ಬೇಕಾದ ಭಾರ ಅದರ ತಳದ ತೊಟ್ಟಿಯಲ್ಲಿ ತುಂಬಿಕೊಳ್ಳುವ ಸುಮಾರು 78 ಕಿಲೋ ನೀರು. ದಡ ಸೇರಿದ ಮೇಲೆ ಅದನ್ನು ಹರಿಯಬಿಟ್ಟರಾಯಿತು. ಘಾಟಿಯಲ್ಲಿ ಅದನ್ನು ಹೊರುವ ಕೆಲಸವಿಲ್ಲ. ಹಿಂಬಾಗಿಲು ಇಳಿಸಿದ ಪಿಕಪ್‌ನ ಮೇಲೆ ದೋಣಿ ಕೂರುತ್ತದೆ ಎಂದು ಅಳೆದು ಖಚಿತವಾದ ದಿನವೇ ಸ್ಕ್ಯಾಂಪ್ ಎಂದು ನಿರ್ಧರಿಸಿದೆ.

ಕಿಟ್‌ನಲ್ಲಿ ಬಂದ ಪ್ಲೈವುಡ್ ಒಕುಮೆ ಎಂಬ ಆಫ್ರಿಕಾದ ಮರದ್ದು. ಒಳಗಿನ ಪೆಟ್ಟಿಗೆಗಳಿಗೆ ನಮ್ಮ ಪೇಟೆಯಲ್ಲಿ ಸಿಗುವ, ಐಎಸ್ 710 ಎಂಬ ಭಾರತೀಯ ಮಾನಕದ ಮರೀನ್ ಪ್ಲೈವುಡ್ ಸಾಲದೇ ಎಂದು ಒಂದು ಹಾಳೆ ತರಿಸಿದೆ. ಆರು ಮಿಲಿಮೀಟರ್ ದಪ್ಪದ ಎಂಟು-ನಾಲ್ಕು ಅಡಿಯ ಹಾಳೆಯ ಲೆಕ್ಕದಲ್ಲಿ ಒಕುಮೆ ಎಂಟೂವರೆ ಕಿಲೋ ತೂಗಿದರೆ ನಮ್ಮದು ಹನ್ನೆರಡೂವರೆ. ಐಎಸ್ 710ಕ್ಕೆ 72 ಗಂಟೆ ಕುದಿಸುವ ಪರೀಕ್ಷೆ ಇದೆಯಲ್ಲ ಎಂದು ಎರಡರ ತುಂಡುಗಳನ್ನೂ ಬಚ್ಚಲಿನ ಹಂಡೆಯಲ್ಲಿ ಮೂರು ಹಗಲು, ಮೂರು ರಾತ್ರಿ ಕುದಿಸಿದೆ. ಅಂಟು ಎರಡರಲ್ಲೂ ಬಿಡಲಿಲ್ಲ. ಆದರೆ ಊರಿನ ಹಾಳೆಯನ್ನು ಗರಗಸದಲ್ಲಿ ಕೊಯ್ದಾಗ ಒಳಪದರದಲ್ಲಿ ಎರಡು ಕಡೆ ಬೆರಳು ತೂರುವಷ್ಟು ಟೊಳ್ಳು ಕಂಡಿತು. ಬಾಗಿಸಿ ತಂತಿಯಲ್ಲಿ ಹೊಲಿಯಬೇಕಾದ ಹೊರಮೈಗೆ ಅದು ಸಲ್ಲದು. ಬಾಗದ, ನೀರಿಗೆ ತಾಗದ ಪೆಟ್ಟಿಗೆ ಮುಚ್ಚಳಗಳಿಗೆ ಮಾತ್ರ ಬಳಸಿದೆ. ಅಲ್ಲಿ ಅದು ಒಕುಮೆಗಿಂತ ಗಟ್ಟಿಮುಟ್ಟು.

ನನ್ನನ್ನು ಹೆಚ್ಚು ಕಾಡಿದ್ದು ಎಪಾಕ್ಸಿ, ಅಂದರೆ ರಾಳಕ್ಕೆ ಹಾರ್ಡನರ್ ಎಂಬ ಗಟ್ಟಿಗೊಳಿಸುವ ದ್ರವ ಬೆರೆಸಿ ಮಾಡುವ ಅಂಟು. ಈ ಬಗೆಯ ದೋಣಿಯಲ್ಲಿ ಮೊಳೆಗಳಿಗೆ ಹೆಚ್ಚು ಕೆಲಸವಿಲ್ಲ. ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಒಳಮೂಲೆಗಳಿಗೆ ಎಪಾಕ್ಸಿಯ ಗಾರೆ ತುಂಬಿ, ಮೇಲೆ ಗಾಜಿನ ನಾರಿನ ಬಟ್ಟೆ ಅಂಟಿಸುತ್ತಾರೆ. ಅಂಟು ಕೆಟ್ಟರೆ ದೋಣಿಯೇ ಕೆಟ್ಟಂತೆ. ಮೊದಲ ವರ್ಷದ ಜುಲೈಯಲ್ಲಿ ನಿಧಾನದ ಹಾರ್ಡನರ್ ಬೆರೆಸಿ ಒಂದು ಮೂಲೆ ತುಂಬಿದೆ. ಬೆಳಿಗ್ಗೆ ನೋಡಿದರೆ ಅದರ ಮೇಲೆ ಮೇಣದಂಥ ಜಿಡ್ಡಿನ ಪೊರೆ. ಹಾರ್ಡನರ್‌ನಲ್ಲಿರುವ ಅಮೈನ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಕಟ್ಟುವ ಪೊರೆ ಅದು. ಅದರ ಮೇಲೆ ಇನ್ನೊಂದು ಪದರ ಬಳಿದರೆ ಹಿಡಿಯುವುದಿಲ್ಲ. ಮರಳು ಕಾಗದ ಉಜ್ಜಿದರೆ ಜಿಡ್ಡು ಒಳಕ್ಕೆ ಇಳಿಯುತ್ತದೆ. ಮೊದಲು ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಉಜ್ಜಬೇಕು.

ವೇಗದ ಹಾರ್ಡನರ್‌ನಲ್ಲಿ ಪೊರೆ ಬಹಳ ಕಡಿಮೆಯಾಯಿತು. ಆದರೆ ಲೋಟದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ತನ್ನದೇ ಶಾಖಕ್ಕೆ ಹೊಗೆಯಾಡಿ ಗಟ್ಟಿಯಾಗುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಸ್ವಲ್ಪ ಹೊತ್ತು ಸಿಗುತ್ತದೆ. ಹನ್ನೆರಡು ಅಡಿಯ ತಳಕ್ಕೆ ಬಟ್ಟೆ ಹಾಸಿ ಸುಕ್ಕಿಲ್ಲದೆ ನೆನೆಸಲು ಅಷ್ಟು ಹೊತ್ತು ಸಾಲದು.

ಹಾಗಾದರೆ ಹವೆಯನ್ನೇ ಬದಲಿಸೋಣ ಎಂದು ಎರಡು ಉಪಾಯ ಮಾಡಿದೆ. ಒಂದು, ದೋಣಿಯ ಸುತ್ತ ಟಾರ್ಪಾಲಿನ ಡೇರೆ ಕಟ್ಟಿ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟದ್ದು. ಬಿಸಿಯೇನೋ ಏರಿತು, ಪೊರೆ ಮೊದಲಿಗಿಂತ ದಪ್ಪವಾಯಿತು. ಉರಿಯುವ ಸೌದೆ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಕಾರುತ್ತದೆ. ಪೊರೆಗೆ ಬೇಕಾದುದನ್ನೆಲ್ಲ ನಾನೇ ಒದಗಿಸಿದಂತಾಗಿತ್ತು. ಮುಚ್ಚಿದ ಡೇರೆಯಲ್ಲಿ ಕೆಂಡ ಉಸಿರಿಗೂ ಅಪಾಯ, ಯಾರೂ ಈ ದಾರಿ ಹಿಡಿಯಬಾರದು. ಎರಡನೆಯದು, ಅದೇ ಡೇರೆಯಲ್ಲಿ ನೂರು ವಾಟ್‌ನ ನಾಲ್ಕು ಹಳೆಯ ಬಲ್ಬುಗಳು. ಹೊರಗೆ 20 ಡಿಗ್ರಿ, ತೇವಾಂಶ ಶೇ 92 ಇದ್ದಾಗ ಒಳಗೆ 27 ಡಿಗ್ರಿ, ಶೇ 65. ಗಾಳಿ ಬಿಸಿಯಾದರೆ ಅದರ ಸಾಪೇಕ್ಷ ತೇವಾಂಶ ಇಳಿಯುತ್ತದೆ, ಬಲ್ಬು ಹೊಸದಾಗಿ ನೀರನ್ನು ಸೇರಿಸುವುದಿಲ್ಲ. ಅಂಟು ಗಾಜಿನಂತೆ ಹೊಳೆಯುತ್ತ ಕಟ್ಟಿತು. ಆದರೆ ಮಳೆ ಜೋರಾದ ಕಕ್ಕಡ ಮಾಸದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಒಂದು ರಾತ್ರಿ ಹಾಗೆಯೇ ಆಗಿ, ಅರ್ಧ ಗಟ್ಟಿಯಾಗಿದ್ದ ನಾಲ್ಕು ಅಡಿ ಗಾರೆಯನ್ನು ಉಳಿಯಿಂದ ಕೆತ್ತಿ ತೆಗೆದೆ.

ಕೊನೆಗೆ ಕೆಲಸವನ್ನೇ ಎರಡಾಗಿ ಹಂಚಿದೆ. ಮಳೆಗಾಲದಲ್ಲಿ ವೇಗದ ಹಾರ್ಡನರ್, ಬಲ್ಬಿನ ಡೇರೆ, ಒಂದು ಸಲಕ್ಕೆ ಒಂದೇ ಮೂಲೆ. ದೊಡ್ಡ ಬಟ್ಟೆ ಹೊದಿಸುವ ಕೆಲಸಕ್ಕೆ ಫೆಬ್ರುವರಿ ಕೊನೆ. ಗೋದಾಮಿನಲ್ಲಿ ಕಾಫಿ ಇದ್ದುದರಿಂದ ದೋಣಿಯನ್ನು ಕೊಟ್ಟಿಗೆಯ ಚಾವಡಿಗೆ ಸಾಗಿಸಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ನಿಧಾನದ ಹಾರ್ಡನರ್‌ನಲ್ಲಿ ಒಂದೇ ದಿನ ಮುಗಿಸಿದೆ. ಅದಕ್ಕೆ ಮೊದಲು ಮರದ ತೇವಾಂಶ ಶೇ 12ಕ್ಕಿಂತ ಕೆಳಗಿದೆಯೇ ಎಂದು ಅಳೆದೆ. ಪಾರ್ಚ್‌ಮೆಂಟ್ ಕಾಫಿಯನ್ನು ಶೇ 10ಕ್ಕೆ ಒಣಗಿಸುವವರಿಗೆ ಈ ಕಾಯುವಿಕೆ ಹೊಸದಲ್ಲ.

ಗಾರೆಗೆ ಬೆರೆಸುವ ಪುಡಿಯಲ್ಲಿ ಊರಿನದೇ ಗೆದ್ದಿತು. ಕಿಟ್‌ನ ಮರದ ಹಿಟ್ಟು ಮುಗಿದಾಗ ತೋಟದ ನೆರಳಿನ ಮರವಾದ ಸಿಲ್ವರ್ ಓಕ್ ಉಜ್ಜಿದ ಧೂಳನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಜಾರದಂತೆ ಸ್ವಲ್ಪ ಸಿಲಿಕಾ ಸೇರಿಸಿದೆ. ವ್ಯತ್ಯಾಸವೇ ತಿಳಿಯಲಿಲ್ಲ.

ಹಾಯಿಕಂಬದ ವಿಷಯದಲ್ಲಿ ನನಗೆ ನಿಜಕ್ಕೂ ಹೆಮ್ಮೆ ಇದೆ. ಸ್ಕ್ಯಾಂಪ್‌ನ ಕಂಬಕ್ಕೆ ಆಸರೆಯ ಹಗ್ಗಗಳಿಲ್ಲ. ಅದು ಬುಡದ ಗೂಡಿನಲ್ಲಿ ತಾನೇ ನಿಲ್ಲಬೇಕು. ಪರದೇಶದ ಸ್ಪ್ರೂಸ್ ಮರ ತರಿಸುವ ಬದಲು ತೋಟದ ಸಿಲ್ವರ್ ಓಕ್ ಏಕಾಗಬಾರದು? ಬಡಗಿ ಆಚಾರಿಗಳು ಮೊದಲೇ ಎಚ್ಚರಿಸಿದ್ದರು: ‘ಅಣ್ಣಾ, ಪ್ರತಿ ವರ್ಷ ಮರಗಸಿ ಮಾಡಿದ ಮರ ಬೇಡ. ಕೊಂಬೆ ಸವರಿದ ಕಡೆಯೆಲ್ಲ ಗಂಟು, ಅಲ್ಲೇ ಮುರಿಯುತ್ತದೆ.’ ತೋಟದ ಅಂಚಿನಲ್ಲಿ ಯಾರೂ ಮುಟ್ಟದೆ ನೆಟ್ಟಗೆ ಬೆಳೆದಿದ್ದ ಒಂದು ಮರ ಹುಡುಕಿ, ಸೀಳಿಸಿ, ಒಂದು ವರ್ಷ ಅಟ್ಟದಲ್ಲಿ ಒಣಗಿಸಿದೆವು. ಮೊದಲು ಮಾಡಿದ ಗಟ್ಟಿ ಕಂಬ ಹನ್ನೆರಡು ಕಿಲೋ ತೂಗಿತು. ಎರಡನೆಯದಕ್ಕೆ ಎಂಟು ಪಟ್ಟಿಗಳ ಒಂದೊಂದು ಅಂಚಿನಲ್ಲಿ ಹಕ್ಕಿಯ ಕೊಕ್ಕಿನಂತೆ ಕಚ್ಚು ಕೊರೆದು, ಒಂದರೊಳಗೊಂದು ಕೂರಿಸಿ, ನಡುವೆ ಟೊಳ್ಳು ಬಿಟ್ಟು ಅಂಟಿಸಿದೆವು. ಅದು ಎಂಟು ಕಿಲೋ. ತಲೆಯ ಮೇಲಿನ ನಾಲ್ಕು ಕಿಲೋ ಕಡಿಮೆಯಾದದ್ದನ್ನು ದೋಣಿ ಓಲಾಡುವಾಗ ಮೈಯೇ ಗುರುತಿಸುತ್ತದೆ. ಗಟ್ಟಿ ಕಂಬಕ್ಕೆ ಬುಡದಲ್ಲಿ ಕುಟ್ಟೆ ಹಿಡಿಯಿತು. ಒಳಹೊರಗೆ ಎಪಾಕ್ಸಿ ಬಳಿದ ಟೊಳ್ಳು ಕಂಬ ಸುರಕ್ಷಿತವಾಗಿದೆ. ಹಾಯಿಯ ಮೇಲಂಚಿನ ಅಡ್ಡಗಳುವಿಗೆ ಬಿದಿರನ್ನೂ ನೋಡಿದೆ. ಹಗುರ, ಆದರೆ ಗಾಳಿ ಬಿರುಸಾದಾಗ ಬಿಲ್ಲಿನಂತೆ ಬಾಗಿ ಹಾಯಿಯ ತುದಿ ಜೋಲುತ್ತದೆ. ಬಿಟ್ಟೆ.

ಹಾಯಿಯಲ್ಲಿ ಮಾತ್ರ ಊರಿನದು ಸೋತಿತು, ಅದೂ ಸ್ಪಷ್ಟವಾಗಿ. ಕಾಫಿ ಒಣಗಿಸುವ ಟಾರ್ಪಾಲಿನಿಂದ ನಕ್ಷೆಯ ಅಳತೆಗೇ ಒಂದು ಹಾಯಿ ಹೊಲಿದೆ. ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಹಾಯಿಯನ್ನು ಆಮೇಲೆ ತರಿಸಿದೆ. ಮಾರ್ಚ್‌ನಲ್ಲಿ ಎರಡನ್ನೂ ಕವ್ವಾಯಿಗೆ ಒಯ್ದು, ಮಧ್ಯಾಹ್ನ ವಾಯವ್ಯದಿಂದ ಬೀಸುವ ಕಡಲಗಾಳಿಗೆ ಎದುರಾಗಿ, ಅಂಕುಡೊಂಕಾಗಿ ಒಂದೇ ದೂರವನ್ನು ಎರಡು ದಿನ ಸಾಗಿದೆ. ಡೇಕ್ರಾನ್‌ನಲ್ಲಿ ಐದು ಸಲ ಮಗ್ಗುಲು ಬದಲಿಸಿ ತಲುಪಿದ ತೆಂಗಿನ ತೋಪಿಗೆ ಟಾರ್ಪಾಲಿನಲ್ಲಿ ಒಂಬತ್ತು ಸಲ ಬೇಕಾಯಿತು. ಟಾರ್ಪಾಲು ಓರೆಯ ಎಳೆತಕ್ಕೆ ಹಿಗ್ಗಿ ಜೋಳಿಗೆಯಾಗುತ್ತದೆ. ಮುಂತುದಿಯನ್ನು ಕೆಳಕ್ಕೆ ಎಳೆಯುವ ಹಗ್ಗವನ್ನು ಎಷ್ಟು ಬಿಗಿದರೂ ನಡುವಿನ ಓರೆ ಸುಕ್ಕು ಹೋಗಲಿಲ್ಲ. ಡೇಕ್ರಾನ್‌ನಲ್ಲಿ ಒಂದು ಗೇಣು ಬಿಗಿದೊಡನೆ ಮಾಯವಾಯಿತು. ಆದರೂ ಟಾರ್ಪಾಲಿನ ಶ್ರಮ ವ್ಯರ್ಥವಲ್ಲ. ಬಿರುಗಾಳಿಗೆ ಹಾಯಿ ಮಡಚುವ ಕಟ್ಟುಗಳು ನನ್ನ ಕೈಗೆ ಎಟುಕುವಂತೆ ಎಲ್ಲಿರಬೇಕು ಎಂದು ಅದರ ಮೇಲೆಯೇ ಗುರುತು ಹಾಕಿಕೊಂಡು ಡೇಕ್ರಾನ್ ಹಾಯಿಗೆ ಹೇಳಿ ಮಾಡಿಸಿದೆ.

ಆ ಪಯಣದಲ್ಲಿ ಇಳಿತದ ಸಮಯಕ್ಕೆ ದೋಣಿ ಕೆಸರಿನ ಮೇಲೆ ಕೂತಿತು. ತಳದಿಂದ ನೀರಿಗೆ ಇಳಿಬಿಡುವ ನಡುಹಲಗೆಯನ್ನು ಎತ್ತಿದರೆ ಸ್ಕ್ಯಾಂಪ್‌ಗೆ ಏಳು ಅಂಗುಲ ನೀರು ಸಾಕು, ತಳ ಚಪ್ಪಟೆ, ಒಂದಿಷ್ಟೂ ವಾಲಲಿಲ್ಲ. ಅನ್ನ ಬೇಯಿಸಿಕೊಂಡು ಉಂಡು ಮಲಗಿದೆ.

ಇನ್ನು ಗಾಳಿಪೆಟ್ಟಿಗೆಗಳ ಮುಚ್ಚಳ. ದೋಣಿ ಮಗುಚಿದರೂ ತೇಲಿಸುವ ಮುಚ್ಚಿದ ಕೋಣೆಗಳಿಗೆ ಎಡಬದಿಯಲ್ಲಿ ಆರು ಅಂಗುಲದ ಪ್ಲಾಸ್ಟಿಕ್ ತಿರುಪು ಮುಚ್ಚಳ, ಬಲಬದಿಯಲ್ಲಿ ರಬ್ಬರ್ ಪಟ್ಟಿ ಹಾಕಿ ನಾನೇ ಮಾಡಿದ ಒಂದಡಿಯ ಮರದ ಮುಚ್ಚಳ ಇಟ್ಟೆ. ನೀರಿನಲ್ಲಿ ತಿರುಪು ಮುಚ್ಚಳವೇ ಮೇಲು; ಮರದ್ದು ಮೊದಲ ದಿನ ಎರಡು ಲೋಟ ನೀರು ಬಿಟ್ಟುಕೊಂಡಿತು. ಆದರೆ ಮಳೆಗಾಲದಲ್ಲಿ ಎರಡನ್ನೂ ತೆರೆದಿಟ್ಟು, ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಒಳಗೆ ಟಾರ್ಚ್ ಹಾಕಿ ನೋಡಿದಾಗ ಎಡಕೋಣೆಯ ಗೋಡೆಯಲ್ಲಿ ಹಸಿರು ಬೂಷ್ಟು ಹಬ್ಬಿತ್ತು, ಬಲಕೋಣೆ ಒಣಗಿತ್ತು. ನೀರಿನ ಮೇಲೆ ದೋಣಿ ಇರುವುದು ವರ್ಷಕ್ಕೆ ಇಪ್ಪತ್ತು ದಿನ, ಸೂರಿನಡಿ ಉಳಿದದ್ದೆಲ್ಲ. ಎಡಬದಿಯನ್ನೂ ಒಂದಡಿಗೆ ಕೊರೆದು, ಎರಡಕ್ಕೂ ದಪ್ಪ ರಬ್ಬರ್ ಹಾಕಿ ನಾಲ್ಕು ಕಡೆ ಕೊಂಡಿ ಬಿಗಿಯುವ ಕೆಲಸ ಈಗ ನಡೆದಿದೆ. ಕೊಯ್ಲಿನ ಚೀಲಗಳು ಬರುವ ಮೊದಲು ಮುಗಿಯಬೇಕು.