ಹಿಲ್ಸಾ ಊಟ ಚೆನ್ನಾಗಿದೆ, ಹಳೇ ಫ್ಯಾನ್‌ಗಳ ಕಥೆ ಇನ್ನೂ ಚೆನ್ನಾಗಿದೆ

ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂ ಕಡೆ ಒಂದು ಪುಟ್ಟ ಮೀನೂಟದ ಹೋಟ್ಲಿದೆ, ಬೋರ್ಡೂ ಇಲ್ಲ ಏನಿಲ್ಲ, ಗೋಡೆ ಪೂರ್ತಿ ಕೆಂಪು-ಹಳದಿ, ಅಂದ್ರೆ ಪಕ್ಕಾ ಈಸ್ಟ್ ಬೆಂಗಾಲ್ ಫುಟ್‌ಬಾಲ್ ಕ್ಲಬ್ ಫ್ಯಾನ್‌ಗಳ ಅಡ್ಡಾ. ಸಾಸಿವೆ ಅರೆದು ಮಾಡೋ ಹಿಲ್ಸಾ ಮಸ್ತ್, ಮುಳ್ಳು ಸಿಕ್ಕಾಪಟ್ಟೆ, ಬಂಗುಡೆ ತಿಂದು ಅಭ್ಯಾಸ ಇರೋರು ಹುಷಾರು. ಬೇಳೆ ನೀರು ನೀರು, ಬಿಡಿ.

ಆದ್ರೆ ನಾನು ಸ್ಟಾರ್ ಕೊಡ್ತಿರೋದು ಅಲ್ಲಿ ಕೂರೋ ವಯಸ್ಸಾದ ಫ್ಯಾನ್‌ಗಳಿಗೆ. 1997ರ ಫೆಡರೇಶನ್ ಕಪ್ ಸೆಮಿಫೈನಲ್ ಅಂತ ಬಾಯಿ ಬಿಟ್ರೆ ಸಾಕು, ಪಕ್ಕದ ಟೇಬಲ್‌ನೋರೂ ಕುರ್ಚಿ ಎಳ್ಕೊಂಡು ಬಂದ್ಬಿಡ್ತಾರೆ. ಜುಲೈ 13, 1.31 ಲಕ್ಷ ಜನ, ಎದುರಾಳಿ ಮೋಹನ್ ಬಗಾನ್ ಕೋಚ್ ಅಮಲ್ ದತ್ತಾ ಅವರ ಡೈಮಂಡ್ ಸಿಸ್ಟಂ (ಆಟಗಾರರನ್ನ ವಜ್ರದ ಆಕಾರದಲ್ಲಿ ನಿಲ್ಲಿಸೋದು) ಬಗ್ಗೆ ಊರೆಲ್ಲ ಮಾತು, ಮ್ಯಾಚ್‌ಗೆ ಮುಂಚೆ ಅವ್ರು ಈಸ್ಟ್ ಬೆಂಗಾಲ್ ಆಟಗಾರರಾದ ಬೈಚುಂಗ್ ಭುಟಿಯಾನ ಚಮ್‌ಚಮ್ (ಬಂಗಾಳಿ ಸಿಹಿತಿಂಡಿ) ಅಂತ, ಒಮೊಲೊನ ಆಮ್ಲೆಟ್ ಅಂತ ಆಡ್ಕೊಂಡಿದ್ರಂತೆ, ಆಮೇಲೆ ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿ ಹುಡುಗ್ರು 4-1 ಬಾರಿಸಿದ್ರು, ಬೈಚುಂಗ್‌ದೇ ಹ್ಯಾಟ್ರಿಕ್! ಒಬ್ರು ದಾದಾ ನಾಲ್ಕು ನಿಂಬೆ ಹೋಳಲ್ಲಿ ಟೇಬಲ್ ಮೇಲೆ ಡೈಮಂಡ್ ಜೋಡಿಸಿ, ಉಪ್ಪಿನ ಡಬ್ಬಿನ ಬೈಚುಂಗ್ ಮಾಡಿ ಮಧ್ಯದಲ್ಲಿ ನುಗ್ಗಿಸಿ ತೋರ್ಸಿದ್ರು, ಒಂದು ಹೋಳು ನನ್ ತಟ್ಟೆಗೇ ಬಿತ್ತು.

ಮೂಲೆಲಿದ್ದ ಮೋಹನ್ ಬಗಾನ್ ಫ್ಯಾನ್ ಅಂಕಲ್ ಮಾತ್ರ, ಫೈನಲ್ ಕಥೇನೂ ಹೇಳ್ರಪ್ಪ ಅಂದ್ರು. ಅದ್ರಲ್ಲಿ ಈಸ್ಟ್ ಬೆಂಗಾಲ್‌ನೋರು ಗೋವಾದ ಸಾಲ್ಗಾಂವ್ಕರ್ ಕ್ಲಬ್ ಹತ್ರ ಸೋತಿದ್ರಲ್ಲ, ಯಾರೂ ಉಸಿರೆತ್ತಲಿಲ್ಲ 😄

ರೇಟ್ ಸ್ವಲ್ಪ ಜಾಸ್ತಿ, ಸರ್ವಿಸ್ ನಿಧಾನ. ಬೇಗ ಹೋಗಿ, ಹಿಲ್ಸಾ ಖಾಲಿ ಆದ್ರೆ ರೋಹು ಬಡಿಸ್ತಾರೆ, ಅದು ಅಷ್ಟಕ್ಕಷ್ಟೇ.